ಹಾಡು ಬಿಡಬೇಡಿ, ಶ್ರುತಿ ಇಳಿಸಿ

(ನಮ್ಮ ಮಹಿಳಾ ವೇದಿಕೆಯ ಮಹಿಳಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಐಟಿಯವರು, ಮನೆ ಮತ್ತು ಕೆಲಸ ಎರಡನ್ನೂ ಹೇಗೆ ತೂಗಿಸ್ತೀರಿ ಅಂತ ಹತ್ತು ನಿಮಿಷ ಮಾತಾಡಿ" ಎಂದರು. ನಾನು ತೂಗಿಸುತ್ತಿಲ್ಲ, ಹೇಗೋ ದಾಟಿಸುತ್ತಿದ್ದೇನೆ. ಹಾಗಾಗಿ ಆ ವಿಷಯ ಬೇಡ, ಒಬ್ಬ ಇಂಗ್ಲಿಷ್ ಗಾಯಕನ ಬಗ್ಗೆ ಮಾತಾಡುತ್ತೇನೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ "ಕನ್ನಡಕ್ಕೆ ಸಂಬಂಧ ಇರುತ್ತೆ ಅಲ್ವಾ?" ಎಂದು ಕೇಳಿದರು. ಇರುತ್ತದೆ ಎಂದು ಮಾತು ಕೊಟ್ಟಿದ್ದೇನೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾನು ಬೆಳೆದದ್ದು ಪ್ಯಾರೀಸ್ ಕಾರ್ನರ್‌ನಲ್ಲಿ. ಅಪ್ಪ ಆ್ಯಂಡರ್ಸನ್ ಸ್ಟ್ರೀಟ್‌ನ ಒಂದು ಕಾಗದದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮದುವೆ ಕಾರ್ಡು, ನೋಟ್‌ಬುಕ್ಕು, ಡೈರಿ ಬೇಕಾದವರೆಲ್ಲ ಬರುವ ಬೀದಿ ಅದು. ನಮ್ಮ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಒಂದು ಹಳೇ ಕಟ್ಟಡದ ಮಾಳಿಗೆಯ ಪೋರ್ಷನ್. ಒಂದು ಕಡೆ ಹೈಕೋರ್ಟು, ಇನ್ನೊಂದು ಕಡೆ ಬ್ರಾಡ್‌ವೇ ಬಸ್ ಸ್ಟ್ಯಾಂಡು, ಎದ್ದರೆ ಕಂಡಕ್ಟರುಗಳ ಸೀಟಿ, ಮಲಗಿದರೆ ಲಾರಿ. ಆ ಗದ್ದಲದಲ್ಲಿ ಅಮ್ಮನ ಹಾಡು ಮಾತ್ರ ಹೇಗೋ ಬೇರೆಯಾಗಿ ಕೇಳಿಸುತ್ತಿತ್ತು. ಸಾಗರದ ಕಡೆಯವರು ಅಮ್ಮ. ದೇವರನಾಮ, ಭಾವಗೀತೆ, ಹಳೇ ಸಿನಿಮಾ ಹಾಡು ಯಾವುದಾದರೂ ಸರಿ, ಶ್ರುತಿ ಪೆಟ್ಟಿಗೆಯನ್ನು ಐದಕ್ಕೆ ಇಟ್ಟುಕೊಂಡು ಶುರು ಮಾಡುತ್ತಿದ್ದರು. ಈ ಊರಿನ ಸಂಗೀತದವರು ಅದಕ್ಕೆ 5 ಕಟ್ಟೈ ಎನ್ನುತ್ತಾರೆ. ಕೀಬೋರ್ಡ್ ನುಡಿಸುವವರಿಗೆ ಅದು ಜಿ.

ಬರ್ಮಾ ಬಜಾರ್ ನಿಮಗೆಲ್ಲ ಗೊತ್ತು. ಬರ್ಮಾದಿಂದ ಎಲ್ಲವನ್ನೂ ಬಿಟ್ಟು ಬಂದ ತಮಿಳರು ಹೊಸದಾಗಿ ಬದುಕು ಕಟ್ಟಿಕೊಂಡ ಸಾಲು ಅಂಗಡಿಗಳು. 2005ರಲ್ಲಿ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನ ಬ್ಯಾಂಡ್ ಹುಡುಗರು ರಾಕ್ ಹಾಡುಗಳ ಬಗ್ಗೆ ಮಾತಾಡುವಾಗ ನನಗೂ ಗೊತ್ತು ಎನ್ನಿಸಿಕೊಳ್ಳಬೇಕಿತ್ತು. ಅಲ್ಲಿನ ಒಂದು ಅಂಗಡಿಗೆ ಹೋಗಿ "ರಾಡ್ ಸ್ಟೀವರ್ಟ್ ಇದೆಯಾ ಅಣ್ಣಾ" ಎಂದು ಕೇಳಿದೆ. 50 ರೂಪಾಯಿ ಎಂದರು, ಚೌಕಾಸಿ ಮಾಡಿ 40ಕ್ಕೆ ತಂದೆ. ಹೌದು, ಕಳ್ಳ ಪ್ರತಿ. ತಪ್ಪು. ಇವತ್ತು ನಿಮ್ಮೆಲ್ಲರ ಮುಂದೆ ಒಪ್ಪಿಕೊಂಡಿದ್ದೇನೆ.

ಮನೆಗೆ ಬಂದು ಹಾಕಿ ಕೇಳಿದರೆ ಗಿಟಾರಿನ ಅಬ್ಬರವೇ ಇಲ್ಲ. ಪಿಯಾನೊ, ಪಿಟೀಲು, ಮೆತ್ತಗಿನ ಡ್ರಮ್ಸು. ಯಾರೋ ವಯಸ್ಸಾದವರು ಹೆಂಡತಿಯ ಪಕ್ಕ ಕೂತು ಸಮಾಧಾನವಾಗಿ ಪ್ರೇಮಗೀತೆ ಹೇಳುತ್ತಿರುವ ಹಾಗಿತ್ತು. ಮೋಸ ಹೋದೆ ಅಂದುಕೊಂಡು ಆ ಸಿ.ಡಿ.ಯನ್ನು ಡಬ್ಬಕ್ಕೆ ಹಾಕಿಟ್ಟೆ.

ಮೋಸವೇನೂ ಆಗಿರಲಿಲ್ಲ. ಈಗ ಆ ಗಾಯಕನ ಕಥೆ ಹೇಳುತ್ತೇನೆ.

ರಾಡ್ ಸ್ಟೀವರ್ಟ್ 1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ಮರಳು ಕಾಗದದಿಂದ ಉಜ್ಜಿದ ಹಾಗಿರುವ ಒರಟು ದನಿ. 1971ರ ‘ಮ್ಯಾಗಿ ಮೇ’, 1975ರ ‘ಸೇಲಿಂಗ್’ ಹಾಡುಗಳಿಂದ ಜಗತ್ತಿಗೆಲ್ಲ ಪರಿಚಯವಾದರು. ಸ್ಟೇಜಿನ ಮೇಲೆ ಕುಣಿದು, ಕೂಗಿ, ಮೈಕ್ ಸ್ಟ್ಯಾಂಡ್ ಎತ್ತಿ ಬೀಸುತ್ತಿದ್ದ ಮನುಷ್ಯ. 2000ನೇ ಇಸವಿಯಲ್ಲಿ ಅವರಿಗೆ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ಕುತ್ತಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕಾಯಿಲೆ ವಾಸಿಯಾಯಿತು, ಆದರೆ ಹಾಡುವ ದನಿ ಹೋಯಿತು. ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಹಾಡುವುದನ್ನು ಹೊಸದಾಗಿ ಕಲಿಯಬೇಕಾಯಿತು.

2002ರಲ್ಲಿ, ಅವರಿಗೆ 57 ವರ್ಷವಾಗಿದ್ದಾಗ, ‘ಇಟ್ ಹ್ಯಾಡ್ ಟು ಬಿ ಯು’ ಎಂಬ ಆಲ್ಬಂ ಬಂತು. ಅದರಲ್ಲಿ ಒಂದೂ ರಾಕ್ ಹಾಡಿಲ್ಲ. ಹೆಚ್ಚಿನವು ಅಮೆರಿಕದ ಹಳೆಯ ಪ್ರೇಮಗೀತೆಗಳು. 1920ರಿಂದ ಈಚೆಗೆ ನಾಟಕಗಳಿಗೆ, ಸಿನಿಮಾಗಳಿಗೆ ಬರೆದು, ಆಮೇಲೆ ಎಲ್ಲರ ಬಾಯಲ್ಲೂ ನಿಂತ ಹಾಡುಗಳು. ಅಂಥವನ್ನು ಅಲ್ಲಿ ‘ಸ್ಟ್ಯಾಂಡರ್ಡ್ಸ್’ ಎನ್ನುತ್ತಾರೆ. ಆಲ್ಬಂನ ಹೆಸರಿನ ಹಾಡೇ 1924ರದ್ದು. ಆ ಒಂದು ಆಲ್ಬಂ ಐದು ಸಂಪುಟಗಳ ಮಾಲೆಯಾಗಿ ಬೆಳೆಯಿತು. 2004ರಲ್ಲಿ ಬಂದ ಮೂರನೆಯ ಸಂಪುಟ ‘ಸ್ಟಾರ್‌ಡಸ್ಟ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ಸ್ಥಾನ ಅವರಿಗೆ 25 ವರ್ಷ ಸಿಕ್ಕಿರಲಿಲ್ಲ. ಅದೇ ಸಂಪುಟಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು, ಅವರ ಜೀವನದ ಮೊದಲ ಗ್ರ್ಯಾಮಿ. ಯೌವನದ ಅಷ್ಟು ಕೂಗಾಟಕ್ಕೆ ಸಿಗದಿದ್ದು ಅರವತ್ತರ ಮೆಲುದನಿಗೆ ಸಿಕ್ಕಿತು.

ಶಸ್ತ್ರಚಿಕಿತ್ಸೆ ಆದ ಕಾರಣಕ್ಕೇ ಅವರು ಈ ಹಾಡುಗಳಿಗೆ ಬಂದರು ಎಂದು ನಾನು ಹೇಳುವುದಿಲ್ಲ. ಈ ಹಾಡುಗಳ ಸ್ವಭಾವ ನೋಡಿ, ಅಷ್ಟೇ. ಇವು ಒಬ್ಬ ಗಾಯಕನಿಗೆಂದು ಹೊಲಿದ ಅಂಗಿಯಲ್ಲ, ಸೀರೆಯಿದ್ದ ಹಾಗೆ. ಯಾರು ಉಟ್ಟರೆ ಅವರಿಗೆ ಹೊಂದುತ್ತದೆ. ಗಂಡಸು ಹಾಡಲಿ, ಹೆಂಗಸು ಹಾಡಲಿ, ಮೊದಲ ಪ್ರಶ್ನೆ "ನಿಮ್ಮ ಶ್ರುತಿ ಯಾವುದು?" ಗಾಯಕರ ದನಿಗೆ ತಕ್ಕಂತೆ ಇಡೀ ವಾದ್ಯವೃಂದ ಶ್ರುತಿ ಬದಲಿಸಿಕೊಳ್ಳುತ್ತದೆ. ನಮ್ಮ ಭಾವಗೀತೆಯೂ ಹಾಗೇ ಅಲ್ಲವೇ? ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಬಂದದ್ದು 1942ರಲ್ಲಿ. ಆ ಪದ್ಯಗಳನ್ನು ಎಷ್ಟು ಜನ, ಎಷ್ಟು ದನಿಯಲ್ಲಿ ಹಾಡಿಲ್ಲ! ಅಮೆರಿಕದವರ ಆ ಹಾಡುಗಳೆಂದರೆ ಅವರ ಮೈಸೂರು ಮಲ್ಲಿಗೆ ಎಂದುಕೊಳ್ಳಿ. ಕಾರ್ಯದರ್ಶಿಯವರೇ, ಕನ್ನಡದ ಸಂಬಂಧ ಶುರುವಾಯಿತು.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

2018ರಲ್ಲಿ ಅಮ್ಮನಿಗೆ 56 ವರ್ಷ. ಕುತ್ತಿಗೆಯಲ್ಲಿ ಗಂಟು ಕಾಣಿಸಿತು, ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಗಂಟು ಅಪಾಯದ್ದಲ್ಲ ಎಂದು ತಿಳಿದಾಗ ಅಪ್ಪ ಕಾಳಿಕಾಂಬಾ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು. ಈ ಸಭೆಯಲ್ಲೂ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಜನ ಎಂದು ಕೈ ಎತ್ತಿಸಿದರೆ ಗೊತ್ತಾಗುತ್ತದೆ, ಇದು ಹೆಂಗಸರನ್ನೇ ಹೆಚ್ಚು ಹುಡುಕಿಕೊಂಡು ಬರುವ ಕಾಯಿಲೆ. ಥೈರಾಯ್ಡ್ ಗ್ರಂಥಿಯ ಪಕ್ಕದಲ್ಲೇ ದನಿಗೆ ಸಂಬಂಧಿಸಿದ ನರಗಳು ಹಾದು ಹೋಗುತ್ತವೆ. ಒಂದು ನರ ಧ್ವನಿತಂತುಗಳನ್ನು ತೆರೆದು ಮುಚ್ಚುತ್ತದೆ. ಇನ್ನೊಂದು ಅವನ್ನು ಎಳೆದು ಬಿಗಿ ಮಾಡುತ್ತದೆ. ಹಾಗೆ ಬಿಗಿಯಾದಾಗಲೇ ಮೇಲಿನ ಸ್ವರ ಬರುವುದು. ಎಷ್ಟು ಜಾಗ್ರತೆ ವಹಿಸಿದರೂ ಕೆಲವರಿಗೆ ದನಿ ವ್ಯತ್ಯಾಸವಾಗುತ್ತದೆ. ಇದನ್ನು ಮೊದಲೇ ನಮಗೆ ತಿಳಿಸಿದ್ದರು, ಯಾರ ತಪ್ಪೂ ಅಲ್ಲ. ಅಭ್ಯಾಸ ಮಾಡಿಸಿದರು. ಕೆಲವು ತಿಂಗಳಲ್ಲಿ ಅಮ್ಮನ ಮಾತು ಸರಿಯಾಯಿತು. ಮೇಲಿನ ಸ್ವರಗಳು ಮಾತ್ರ ಬರಲಿಲ್ಲ.

ಮರುವರ್ಷ ಒಂದು ಕಡೆ ರಾಜ್ಯೋತ್ಸವದ ಕಾರ್ಯಕ್ರಮವಿತ್ತು. ಎಲ್ಲಿ ಎಂಬುದು ಬೇಡ. ಅಮ್ಮ ಧೈರ್ಯ ಮಾಡಿ ಹೆಸರು ಕೊಟ್ಟರು. ಎಸ್. ಜಾನಕಿಯವರ ಒಂದು ಹಳೇ ಹಾಡು, ಕರೋಕೆ ಟ್ರ್ಯಾಕಿನ ಜೊತೆ. ರಿಹರ್ಸಲ್‌ನಲ್ಲಿ ಪಲ್ಲವಿ ಚೆನ್ನಾಗಿಯೇ ಬಂತು. ಚರಣದಲ್ಲಿ ಮೇಲಕ್ಕೆ ಹೋಗುವ ಕಡೆ ದನಿ ಒಡೆಯಿತು. ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೆ ಒಡೆಯಿತು. ಯಾರೋ ಪ್ರೀತಿಯಿಂದಲೇ ಹೇಳಿದರು: "ಅಕ್ಕಾ, ಎಷ್ಟು ವರ್ಷ ಹಾಡಿದ್ದೀರಿ, ಈ ಸಲ ಆರಾಮಾಗಿ ಕೂತ್ಕೊಂಡು ಕೇಳಿ. ಮಕ್ಕಳು ಹಾಡ್ಲಿ." ಅಮ್ಮ ನಕ್ಕು "ಹೌದೌದು" ಎಂದರು. ಮನೆಗೆ ಬಂದು ಶ್ರುತಿ ಪೆಟ್ಟಿಗೆಗೆ ಹಳೇ ಟವೆಲ್ ಸುತ್ತಿ ಅಟ್ಟದ ಮೇಲಿಟ್ಟರು.

ಈಗ ನಾನು ಹೇಳಲು ಬಂದ ಮಾತು. ಆ ದಿನ ಟ್ರ್ಯಾಕ್ ಹಾಕುತ್ತಾ ಲ್ಯಾಪ್‌ಟಾಪ್ ಮುಂದೆ ಕೂತಿದ್ದವಳು ನಾನೇ. ನಾನು ಎಂ.ಟೆಕ್. ಮಾಡಿದ್ದು ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ. ಧ್ವನಿಯ ವೇಗ ಬದಲಿಸದೆ ಶ್ರುತಿ ಮಾತ್ರ ಬದಲಿಸುವುದು ಹೇಗೆ ಎಂದು ನಾನು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇನೆ. ಆ ಕೆಲಸಕ್ಕೆ ನನ್ನ ಕಣ್ಣ ಮುಂದಿನ ಸಾಫ್ಟ್‌ವೇರ್‌ನಲ್ಲೇ ಒಂದು ಗುಂಡಿ ಇತ್ತು. ಎರಡು ಕ್ಲಿಕ್. ನನಗೆ ಹೊಳೆಯಲಿಲ್ಲ. ಹಾಡು ಎಂದರೆ ಜಾನಕಿಯಮ್ಮ ಹಾಡಿದ ಶ್ರುತಿಯೇ, ಅಮ್ಮ ಅಲ್ಲಿಗೆ ಮುಟ್ಟಬೇಕು, ಮುಟ್ಟಲಾಗದಿದ್ದರೆ ಬಿಡಬೇಕು ಎಂದು ನಾನೂ ಒಪ್ಪಿಕೊಂಡುಬಿಟ್ಟಿದ್ದೆ. ಅಮ್ಮನ ದನಿ ಹೋಯಿತು ಎಂದು ನಾನೂ ತೀರ್ಮಾನಿಸಿದ್ದೆ.

2020ರ ಲಾಕ್‌ಡೌನ್‌ನಲ್ಲಿ ನಾನು ಪ್ಯಾರೀಸ್ ಕಾರ್ನರ್‌ನ ತವರು ಮನೆಯಲ್ಲಿ ಸಿಕ್ಕಿಬಿದ್ದೆ. ಆ ದಿನಗಳಲ್ಲಿ ಅಲ್ಲಿ ಇದ್ದವರಿಗೆ ಗೊತ್ತು. ಹುಟ್ಟಿದಂದಿನಿಂದ ನಿಲ್ಲದಿದ್ದ ಗದ್ದಲ ನಿಂತುಹೋಗಿತ್ತು. ಬಸ್ಸಿಲ್ಲ, ಲಾರಿಯಿಲ್ಲ, ಹೈಕೋರ್ಟಿನ ಕಡೆಯಿಂದ ಕಾಗೆಗಳ ಕೂಗು ಮಾತ್ರ. ಒಂದು ಸಂಜೆ ಅಟ್ಟ ಕ್ಲೀನ್ ಮಾಡುವಾಗ ಆ ಸಿ.ಡಿ. ಸಿಕ್ಕಿತು. ಅಪ್ಪನ ಹಳೇ ಮ್ಯೂಸಿಕ್ ಸಿಸ್ಟಮ್‌ಗೆ ಹಾಕಿದೆ. ಎರಡು ಕಡೆ ಎಗರಿತು, ಆದರೂ ಹಾಡಿತು.

ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದರು. ಇಂಗ್ಲಿಷ್ ಹಾಡು ಅವರಿಗೆ ಆಗಿಬರುವುದಿಲ್ಲ. ಎರಡನೇ ಹಾಡಿಗೆ ಚಾಕು ನಿಲ್ಲಿಸಿದರು.

"ಪುಟ್ಟಿ, ಇವನ ಗಂಟಲಿಗೆ ಏನಾಗಿದೆ?"

"ಇವನ ದನಿಯೇ ಹಾಗಮ್ಮ, ಒರಟು."

"ಒರಟು ಬೇರೆ. ಉಸಿರು ನೋಡು, ಸಾಲು ಮುಗಿಯೋ ಮುಂಚೆ ತಗೋತಾನೆ. ಮೇಲೆ ಹೋಗೋ ಕಡೆ ಕೂಗಲ್ಲ, ಹೇಳಿ ಬಿಟ್ಬಿಡ್ತಾನೆ."

ನಾನು ಮೊಬೈಲ್ ತೆಗೆದು ಆ ಗಾಯಕನ ಬಗ್ಗೆ ಓದಿದೆ. ಅವರಿಗೆ ಥೈರಾಯ್ಡ್ ಆಪರೇಷನ್ ಆದದ್ದು ನನಗೆ ತಿಳಿದದ್ದೇ ಆಗ. ಹದಿನೈದು ವರ್ಷ ಡಬ್ಬದಲ್ಲಿಟ್ಟಿದ್ದವಳಿಗೆ ಗೊತ್ತಾಗದ್ದು ಅಮ್ಮನಿಗೆ ಎರಡು ಹಾಡಿನಲ್ಲಿ ಗೊತ್ತಾಗಿತ್ತು. ಓದಿ ಹೇಳಿದೆ. ಅಮ್ಮ ತಮ್ಮ ಕುತ್ತಿಗೆಯ ಗೆರೆಯ ಮೇಲೆ ಕೈಯಿಟ್ಟುಕೊಂಡರು.

"ಆಮೇಲೂ ಹಾಡಿದ್ನಾ?"

"ಆಮೇಲೆ ಹಾಡಿದ್ದೇ ಇದು."

ಅಮ್ಮ ಮತ್ತೇನೂ ಹೇಳಲಿಲ್ಲ. ಹುರುಳಿಕಾಯಿ ಮುಗಿಸಿದರು. ಮರುದಿನ ಬೆಳಿಗ್ಗೆ ನೋಡಿದರೆ ಶ್ರುತಿ ಪೆಟ್ಟಿಗೆ ಕೆಳಗೆ ಬಂದಿತ್ತು. 5ರಲ್ಲಿ ಪ್ರಯತ್ನಿಸಿದರು, ಆಗಲಿಲ್ಲ. 4ಕ್ಕೆ ಇಳಿಸಿದರು. ಆಮೇಲೆ 3. ಅಲ್ಲಿ ನಿಂತರು. ಒಂದು ದೇವರನಾಮ ಪೂರ್ತಿ ಹಾಡಿದರು. ದನಿ ಮೊದಲಿನದ್ದಲ್ಲ. ದಪ್ಪಗಿತ್ತು, ಅಂಚಿನಲ್ಲಿ ಸ್ವಲ್ಪ ಬಿರುಕಿತ್ತು. ಆದರೆ ಮೊದಲೆಲ್ಲ ನಾನು ಅಮ್ಮನ ರಾಗ ಕೇಳುತ್ತಿದ್ದೆ, ಆ ದಿನ ದೇವರನಾಮದ ಮಾತು ಕೇಳಿದೆ.

ನನ್ನ ಓದಿನ ಲೆಕ್ಕದಲ್ಲಿ ಇದನ್ನು ಒಂದು ನಿಮಿಷ ವಿವರಿಸುತ್ತೇನೆ. 5 ಕಟ್ಟೈಯ ಷಡ್ಜ ಎಂದರೆ ಸುಮಾರು 196 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. 3 ಕಟ್ಟೈಗೆ ಸುಮಾರು 165. ಎರಡರ ನಡುವೆ ಹಾರ್ಮೋನಿಯಂನಲ್ಲಿ ಬಿಳಿ, ಕಪ್ಪು ಎಲ್ಲ ಸೇರಿಸಿ ಎಣಿಸಿದರೆ ಮೂರು ಸ್ಥಾನ. ಅಷ್ಟೇ ಅಂತರ. ಆಪರೇಷನ್ ಆಗದಿದ್ದರೂ ವಯಸ್ಸಾದಂತೆ, ಮುಟ್ಟು ನಿಂತ ಮೇಲೆ, ಅನೇಕ ಹೆಂಗಸರ ದನಿ ಸ್ವಲ್ಪ ಕೆಳಗಿಳಿಯುತ್ತದೆ. ಅದು ದೇಹದ ಸಹಜ ಕ್ರಮ, ಕಾಯಿಲೆಯಲ್ಲ. ನಾವು ಹಾಡಿಗೆ ಇಟ್ಟುಕೊಳ್ಳುವ ಕರೋಕೆ ಟ್ರ್ಯಾಕ್ ಮಾತ್ರ ಇಳಿಯುವುದಿಲ್ಲ. ಅದು ಇದೇ ಮದರಾಸಿನ ಯಾವುದೋ ಸ್ಟುಡಿಯೋದಲ್ಲಿ, ಐವತ್ತು ವರ್ಷದ ಹಿಂದೆ, ಪ್ರಾಯದ ಗಾಯಕಿಯೊಬ್ಬರಿಗೆ ಹೊಂದಿಸಿದ ಶ್ರುತಿಯಲ್ಲೇ ನಿಂತಿರುತ್ತದೆ. ನಮ್ಮ ಅಕ್ಕಂದಿರು ಅದಕ್ಕೆ ಮುಟ್ಟಲಾಗದೆ "ನನಗೆ ಮೊದಲಿನ ಹಾಗೆ ಆಗಲ್ಲಪ್ಪ" ಎಂದು ಪ್ರೇಕ್ಷಕರ ಸಾಲಿಗೆ ಹೋಗಿ ಕೂರುತ್ತಾರೆ.

ಇನ್ನೊಂದು ಮಾತು, ಇದು ಮಹಿಳಾ ವೇದಿಕೆಯಾದ್ದರಿಂದ. ಗಂಡಸಿನ ದನಿ ಒರಟಾದರೆ ‘ಅನುಭವ ಮಾಗಿದೆ’ ಎನ್ನುತ್ತೇವೆ. ಹೆಂಗಸಿನ ದನಿ ಒರಟಾದರೆ ‘ದನಿ ಹೋಗಿದೆ’ ಎನ್ನುತ್ತೇವೆ. ರಾಡ್ ಸ್ಟೀವರ್ಟ್ ಈ ದಾರಿಯಲ್ಲಿ ಮೊದಲಿಗರೇನೂ ಅಲ್ಲ. ಅವರಿಗಿಂತ 19 ವರ್ಷ ಮೊದಲೇ, 1983ರಲ್ಲಿ, ಅಮೆರಿಕದ ರಾಕ್ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅಂಥದ್ದೇ ಹಳೆಯ ಹಾಡುಗಳನ್ನು ನೆಲ್ಸನ್ ರಿಡಲ್ ಅವರ ವಾದ್ಯವೃಂದದೊಂದಿಗೆ ಹಾಡಿ ‘ವಾಟ್ಸ್ ನ್ಯೂ’ ಎಂಬ ಆಲ್ಬಂ ತಂದರು. ರಾಕ್‌ನಲ್ಲಿ ಅಷ್ಟು ಹೆಸರು ಮಾಡಿದವಳು ಅಜ್ಜ-ಅಜ್ಜಿಯರ ಕಾಲದ ಹಾಡು ಹಾಡಿ ಕೆಡುತ್ತಾಳೆ ಎಂದು ಸುತ್ತಲಿನವರು ಅಂಜಿದ್ದರು. ಆಲ್ಬಂ ಲಕ್ಷಗಟ್ಟಲೆ ಮಾರಾಟವಾಯಿತು. ಆಗ ಅವರಿಗೆ 37 ವರ್ಷ, ನನಗಿಂತ ಒಂದು ವರ್ಷ ಚಿಕ್ಕವರು. ಮುಂದೆ ನರಗಳ ಕಾಯಿಲೆಯಿಂದ ಅವರಿಗೆ ಹಾಡಲು ಆಗದಂತಾಯಿತು, 2013ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದರು. ಶ್ರುತಿ ಇಳಿಸಿ ಎಲ್ಲವನ್ನೂ ಸರಿಮಾಡಬಹುದು ಎಂದು ನಾನು ಹೇಳುತ್ತಿಲ್ಲ. ಕೆಲವು ಸಲ ದನಿ ನಿಜವಾಗಿಯೂ ಹೋಗುತ್ತದೆ. ಅದಕ್ಕೇ, ಇರುವಷ್ಟು ದಿನ ಅದನ್ನು ಸುಮ್ಮನೆ ಕೂರಿಸಬಾರದು.

ಜೋನಿ ಮಿಚೆಲ್ ಎಂಬ ಇನ್ನೊಬ್ಬ ಗಾಯಕಿ, ಕೆನಡಾದವರು. ಯೌವನದಲ್ಲಿ ಹಕ್ಕಿಯಂಥ ಮೇಲುದನಿ. 2000ದಲ್ಲಿ, 56ನೇ ವಯಸ್ಸಿನಲ್ಲಿ, ಇಂಥ ಹಳೇ ಪ್ರೇಮಗೀತೆಗಳ ಜೊತೆಗೆ ತಮ್ಮ ಹರೆಯದ ಎರಡು ಹಾಡುಗಳನ್ನೂ ಕೆಳದನಿಯಲ್ಲಿ ಮತ್ತೆ ಹಾಡಿದರು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕೇಳಿ ನೋಡಿ. ಹುಡುಗಿ ಹಾಡಿದಾಗ ಅದು ಜಾಣತನ, ಹೆಂಗಸು ಹಾಡಿದಾಗ ಅದೇ ಬದುಕು ಅನ್ನಿಸುತ್ತದೆ. ರಾಡ್ ಸ್ಟೀವರ್ಟ್ ಅವರ ಮಾಲೆಯನ್ನು ತುಂಬಾ ನಯ, ಎಲ್ಲ ಹಾಡೂ ಒಂದೇ ಥರ ಎಂದು ದೂರುವವರಿದ್ದಾರೆ. ಅದು ಪೂರ್ತಿ ಸುಳ್ಳಲ್ಲ, ಐದು ಸಂಪುಟ ಸ್ವಲ್ಪ ಜಾಸ್ತಿಯೇ ಆಯಿತು. ನನ್ನನ್ನು ಕೇಳಿದರೆ ಜೋನಿಯವರ ಒಂದು ಆಲ್ಬಂ ಆ ಐದಕ್ಕಿಂತ ಆಳ. ಅಂದ ಹಾಗೆ, ರಾಡ್ ಅವರ ಮೊದಲ ಸಂಪುಟದಲ್ಲಿರುವ ‘ದಿ ವೇ ಯು ಲುಕ್ ಟುನೈಟ್’ ಹಾಡು 1936ರ ಸಿನಿಮಾದ್ದು, ಅದಕ್ಕೆ ಆಸ್ಕರ್ ಬಂದಿದೆ. ಗಂಡಸು ಹೆಣ್ಣಿನ ಚೆಲುವನ್ನು ಹೊಗಳುವ ಆ ಸಾಲುಗಳನ್ನು ಬರೆದವರು ಡೊರೊತಿ ಫೀಲ್ಡ್ಸ್ ಎಂಬ ಮಹಿಳೆ.

ನಮ್ಮವರನ್ನೇ ನೋಡಿ. ಎಸ್. ಜಾನಕಿಯವರು 2017ರಲ್ಲಿ, 79ನೇ ವಯಸ್ಸಿನಲ್ಲಿ, ಮೈಸೂರಿನಲ್ಲಿ ವೇದಿಕೆಯ ಮೇಲೆ ಹಾಡಿ, ಇನ್ನು ಕಾರ್ಯಕ್ರಮ ಕೊಡುವುದಿಲ್ಲ ಎಂದು ತಾವೇ ವಿದಾಯ ಹೇಳಿದರು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಆ ‘ತಾವೇ’ ಎಂಬ ಮಾತು. ಯಾವಾಗ ನಿಲ್ಲಿಸಬೇಕು ಎಂಬುದು ಹಾಡುವವರ ತೀರ್ಮಾನ. ಪ್ರೀತಿಯಿಂದಾದರೂ ಸರಿ, ಅದನ್ನು ನಾವು ಅವರ ಕೈಯಿಂದ ಕಿತ್ತುಕೊಳ್ಳಬಾರದು.

ಕೊನೆಗೆ ಸಮಿತಿಯವರಲ್ಲಿ ಮೂರು ವಿನಂತಿ. ಒಂದು, ನಮ್ಮ ಕಾರ್ಯಕ್ರಮಗಳಿಗೆ ಹೆಸರು ಕೊಡುವ ಫಾರಂನಲ್ಲಿ ‘ಯಾವ ಹಾಡು’ ಎಂಬುದರ ಕೆಳಗೆ ‘ಯಾವ ಶ್ರುತಿ’ ಎಂಬ ಕಾಲಂ ಸೇರಿಸಿ. ಎರಡು, ರಿಹರ್ಸಲ್‌ನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಶ್ರುತಿ ಹುಡುಕಿಕೊಳ್ಳಲು ಐದು ನಿಮಿಷ ಕೊಡಿ. ಟ್ರ್ಯಾಕ್ ಇಳಿಸಿಕೊಡುವ ಕೆಲಸ ನನ್ನದು, ಹಿಂದಿನ ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಮಾಡಿದರೂ ಬೈಯುವುದಿಲ್ಲ. ತೀರಾ ಕೆಳಗಿಳಿಸಿದರೆ ಟ್ರ್ಯಾಕಿನ ವಾದ್ಯಗಳು ವಿಚಿತ್ರವಾಗಿ ಕೇಳಿಸುತ್ತವೆ, ಅಂಥವರಿಗೆ ಒಂದು ಹಾರ್ಮೋನಿಯಂ ಸಾಕು. ಮೂರು, "ಅಕ್ಕಾ, ಕೂತು ಕೇಳಿ" ಎನ್ನುವ ಮೊದಲು "ಅಕ್ಕಾ, ಶ್ರುತಿ ಇಳಿಸೋಣವಾ?" ಎಂದು ಕೇಳಿ. ಎರಡೂ ವಾಕ್ಯ ಒಂದೇ ಉದ್ದ.

ಅಕ್ಕಂದಿರೇ, ಇದು ಹಾಡಿಗೆ ಮಾತ್ರ ಹೇಳಿದ್ದಲ್ಲ ಎಂದು ನಿಮಗೆ ಗೊತ್ತು. ಮಂಡಿ ನೋವು ಬಂದ ಮೇಲೆ ಬಿಟ್ಟ ನೃತ್ಯ, ಕಣ್ಣು ಮಂಜಾದ ಮೇಲೆ ಬಿಟ್ಟ ಕಸೂತಿ, ಮಕ್ಕಳಾದ ಮೇಲೆ ಬಿಟ್ಟ ಕೆಲಸ, ಎಲ್ಲದಕ್ಕೂ ಒಂದು ಕೆಳಗಿನ ಶ್ರುತಿ ಇರುತ್ತದೆ. ಆದರೆ ನಾನು ಇವತ್ತು ಹಾಡಿನ ವಿಷಯವನ್ನಷ್ಟೇ ಖಾತ್ರಿಯಾಗಿ ಹೇಳಬಲ್ಲೆ.

ಊಟ ತಯಾರಾಗಿದೆ ಎಂದು ಕಾರ್ಯದರ್ಶಿಯವರು ಸನ್ನೆ ಮಾಡುತ್ತಿದ್ದಾರೆ. ಅದಕ್ಕೆ ಮೊದಲು ಒಂದು ಹಾಡು ಇದೆ. ಏಳು ವರ್ಷದ ಹಿಂದೆ ಅಮ್ಮ ಹೆಸರು ಕೊಟ್ಟು ಬಿಟ್ಟಿದ್ದ ಅದೇ ಹಾಡು. ಮೂರನೇ ಸಾಲಿನಲ್ಲಿ ಹಸಿರು ಸೀರೆಯಲ್ಲಿ ಕೂತಿದ್ದಾರೆ. ಅಮ್ಮ, ಬನ್ನಿ. ಲ್ಯಾಪ್‌ಟಾಪ್ ಹತ್ತಿರ ನಾನಿರುತ್ತೇನೆ. ಟ್ರ್ಯಾಕ್ ಮೂರು ಸ್ಥಾನ ಇಳಿಸಿಟ್ಟಿದ್ದೇನೆ.